ಟವರ್ ಡಿಫೆನ್ಸ್ ಆಟಗಳು: ನಿಮ್ಮ ಫೋನಿಗೂ ನಿಮ್ಮ ಪುರುಸೊತ್ತಿಗೂ ಹೊಂದುವುದು ಯಾವುದು?

ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ರೈಟರ್ ಕೇಳಿದರು: "ಮಳೆಗಾಲದಲ್ಲಿ ಒಂದು ಸಲ ನೆಟ್‌ವರ್ಕ್ ಹೋದರೆ ಎರಡು ದಿನ ಬರಲ್ಲ ಸಾರ್. ನೆಟ್ ಇಲ್ಲದೆ ಆಡುವ ಟವರ್ ಡಿಫೆನ್ಸ್ ಯಾವುದಿದೆ?" ಹಾಸನದ ಇಂಜಿನಿಯರಿಂಗ್ ಹಾಸ್ಟೆಲ್ ಹುಡುಗನ ಕಷ್ಟ ಬೇರೆ: "ಕಿಂಗ್‌ಡಮ್ ರಶ್ ತಗೊಳ್ಳಲಾ, ಬ್ಲೂನ್ಸ್ ತಗೊಳ್ಳಲಾ ಅಣ್ಣಾ? ಎರಡಕ್ಕೂ ದುಡ್ಡಿಲ್ಲ." ಚಿಕ್ಕಮಗಳೂರಿನ ಅಕ್ಕ ಒಬ್ಬರಿಗೆ ನಾಲ್ಕನೇ ಕ್ಲಾಸಿನ ಮಗನ ಚಿಂತೆ. ರಕ್ತ ಚೆಲ್ಲುವ ಆಟ ಬೇಡ, ತಲೆ ಓಡಿಸುವಂಥದ್ದು ಬೇಕು, ಮಧ್ಯೆ ಮಧ್ಯೆ ದುಡ್ಡು ಕೇಳಬಾರದು.

ಮೂವರಿಗೂ ಒಂದೇ ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಈ ಜಾತಿಯ ಆಟಗಳು ನೋಡೋಕೆ ಒಂದೇ ಥರ, ಆಡೋಕೆ ಕೂತರೆ ಬೇರೆ ಬೇರೆ. ಒಂದರಲ್ಲಿ ಸೋತವನಿಗೆ ಇನ್ನೊಂದು ಪ್ರಾಣ. ಹಾಗಾಗಿ ಮೊದಲು ಏನೇನು ನೋಡಬೇಕು ಅಂತ ಹೇಳಿಬಿಡುತ್ತೇನೆ. ಆಮೇಲೆ ಆಟಗಳ ಕಡೆ ಬರೋಣ.

ಅಷ್ಟಕ್ಕೂ ಇದರಲ್ಲಿ ಅಂಥದ್ದೇನಿದೆ?

ಗೊತ್ತಿಲ್ಲದವರಿಗೆ ಎರಡು ಮಾತು. ಶತ್ರುಗಳು ಒಂದು ದಾರಿ ಹಿಡಿದು ಸಾಲಾಗಿ ಬರುತ್ತಾರೆ. ದಾರಿಯ ಪಕ್ಕದಲ್ಲಿ ನೀವು ಗೋಪುರ ಕಟ್ಟುತ್ತೀರಿ. ಗುರಿ ಇಡುವ ಕೆಲಸ ನಿಮ್ಮದಲ್ಲ, ಗೋಪುರ ತಾನೇ ಹೊಡೆಯುತ್ತದೆ. ಶತ್ರು ಬಿದ್ದರೆ ಹಣ ಬರುತ್ತದೆ. ಆ ಹಣದಲ್ಲಿ ಇನ್ನೊಂದು ಗೋಪುರ ಕಟ್ಟಬೇಕೋ, ಇರುವುದನ್ನೇ ಬಲಪಡಿಸಬೇಕೋ ಅನ್ನುವುದು ನಿಮ್ಮ ತೀರ್ಮಾನ. ಅಷ್ಟರಲ್ಲಿ ಮುಂದಿನ ಅಲೆ, ಅಂದರೆ ಶತ್ರುಗಳ ಮುಂದಿನ ಗುಂಪು, ಬರುತ್ತದೆ. ಕೊನೆಯ ಬಾಗಿಲು ದಾಟಿದ ಪ್ರತಿ ಶತ್ರುವಿಗೂ ನಿಮ್ಮ ಜೀವ ಕಡಿಮೆಯಾಗುತ್ತದೆ.

ಆಟವೇ ತಾನಾಗಿ ಹೊಡೆಯುವುದಾದರೆ ನಾವು ಮಾಡುವುದೇನು ಅಂತ ಅನ್ನಿಸಬಹುದು. ನಮ್ಮ ಪಕ್ಕದಲ್ಲೇ ಇದಕ್ಕೆ ಉತ್ತರ ಇದೆ. ಸಕಲೇಶಪುರದಿಂದ ಮಂಗಳೂರಿನ ದಾರಿಯಲ್ಲಿ ದೋಣಿಗಾಲ್ ಹತ್ತಿರ ಮೆಟ್ಟಿಲು ಹತ್ತಿದರೆ ಮಂಜರಾಬಾದ್ ಕೋಟೆ ಸಿಗುತ್ತದೆ. ಟಿಪ್ಪು ಸುಲ್ತಾನ್ ಕಟ್ಟಿಸಿದ್ದು, 1792ರಲ್ಲಿ ಮುಗಿಯಿತು. ಮೇಲಿನಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರ. ಡ್ರೋನ್ ಫೋಟೊ ಬಂದ ಮೇಲೆ ಅದು ಎಲ್ಲರ ವಾಟ್ಸಾಪ್ ಸ್ಟೇಟಸ್ ಆಗಿದೆ ಬಿಡಿ. ಆದರೆ ನಕ್ಷತ್ರದ ಆಕಾರ ಚೆಂದಕ್ಕೆ ಮಾಡಿದ್ದಲ್ಲ. ಗೋಡೆ ನೇರವಾಗಿದ್ದರೆ ಅದರ ಬುಡಕ್ಕೆ ಬಂದು ನಿಂತವನನ್ನು ಮೇಲಿನಿಂದ ಹೊಡೆಯುವುದು ಕಷ್ಟ. ಗೋಡೆ ಮೂಲೆ ಮೂಲೆಯಾಗಿ ಮುಂದಕ್ಕೆ ಚಾಚಿದ್ದರೆ ಒಂದು ಮೂಲೆಯ ಬುಡಕ್ಕೆ ಬಂದವನು ಪಕ್ಕದ ಮೂಲೆಯವರಿಗೆ ಸಿಕ್ಕಿಬೀಳುತ್ತಾನೆ. ಫ್ರೆಂಚರ ಕೋಟೆ ಕಟ್ಟುವ ಪದ್ಧತಿ ಇದು. ಕರಾವಳಿಯಿಂದ ಘಟ್ಟ ಹತ್ತಿ ಬರುವ ದಾರಿಯ ಮೇಲೆ ಕಣ್ಣಿಡಲು ಆ ಗುಡ್ಡವನ್ನೇ ಆರಿಸಿಕೊಂಡಿದ್ದರು.

ಟವರ್ ಡಿಫೆನ್ಸ್ ಆಟದ ರುಚಿ ಇರುವುದು ಇಲ್ಲೇ. ಯುದ್ಧ ಶುರುವಾಗುವ ಮೊದಲೇ, ಯಾವ ಗುಡ್ಡ, ಯಾವ ಮೂಲೆ ಅನ್ನುವುದರಲ್ಲಿ ಅರ್ಧ ಗೆದ್ದಾಗಿರುತ್ತದೆ. ತಿರುವಿನ ಒಳಗಡೆ ಇಟ್ಟ ಒಂದು ಗೋಪುರ ಬರುವವರನ್ನೂ ಹೊಡೆಯುತ್ತದೆ, ತಿರುಗಿ ಹೋಗುವವರನ್ನೂ ಹೊಡೆಯುತ್ತದೆ. ಅದನ್ನೇ ನೇರ ದಾರಿಯ ಪಕ್ಕ ಇಟ್ಟರೆ ಅರ್ಧ ದುಡ್ಡು ನೀರಿಗೆ ಹಾಕಿದ ಹಾಗೆ. ಈ ವ್ಯತ್ಯಾಸ ಒಮ್ಮೆ ಕಣ್ಣಿಗೆ ಬಿದ್ದರೆ ಆಟ ನಿಮ್ಮನ್ನು ಬಿಡುವುದಿಲ್ಲ. ಬೆರಳಿನ ಚುರುಕು ಬೇಕಾದ ಆಟಗಳಲ್ಲಿ ಹದಿನೆಂಟರ ಹುಡುಗ ನಲವತ್ತರವನನ್ನು ಸುಲಭವಾಗಿ ಸೋಲಿಸುತ್ತಾನೆ. ಇಲ್ಲಿ ಹಾಗಿಲ್ಲ. ನನ್ನಂಥವರು ಇದಕ್ಕೆ ಅಂಟಿಕೊಂಡಿರುವುದಕ್ಕೆ ಅದೂ ಒಂದು ಕಾರಣ.

ಇದು ಇವತ್ತು ನಿನ್ನೆಯ ಆಟವೂ ಅಲ್ಲ. 1990ರಲ್ಲಿ ಅಟಾರಿಯವರು ಕೋಟೆ ಗೋಡೆ ಕಟ್ಟಿ ಹಡಗುಗಳನ್ನು ಎದುರಿಸುವ ರ್‍ಯಾಂಪಾರ್ಟ್ ಅನ್ನುವ ಆಟ ತಂದಿದ್ದರು. 2002ರಲ್ಲಿ ವಾರ್‌ಕ್ರಾಫ್ಟ್ 3 ಅನ್ನುವ ಯುದ್ಧದ ಕಂಪ್ಯೂಟರ್ ಆಟ ಬಂದ ಮೇಲೆ ಆಡುವವರೇ ಅದರೊಳಗೆ ಇಂಥ ನಕ್ಷೆಗಳನ್ನು ಮಾಡಿಕೊಂಡರು. 2007ರಲ್ಲಿ ಬ್ರೌಸರ್‌ನಲ್ಲೇ ಆಡಬಹುದಾದ ಡೆಸ್ಕ್‌ಟಾಪ್ ಟವರ್ ಡಿಫೆನ್ಸ್ ಮತ್ತು ಮೊದಲ ಬ್ಲೂನ್ಸ್ ಟಿಡಿ (ಟಿಡಿ ಅಂದರೆ ಟವರ್ ಡಿಫೆನ್ಸ್) ಬಂದವು. ಆಗ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಸೈಬರ್ ಸೆಂಟರ್‌ನಲ್ಲಿ ಕೂತವರಿಗೆ ಇದರ ಹುಚ್ಚು ಗೊತ್ತಿರುತ್ತದೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೆಯದು ನೆಟ್. ಹಾಸನದ ಎನ್.ಆರ್. ಸರ್ಕಲ್‌ನಲ್ಲಿ ಕೂತವರಿಗೆ ಇದು ಸಮಸ್ಯೆಯೇ ಅಲ್ಲ. ಮೂಡಿಗೆರೆಯ ಒಳಗಿನ ಹಳ್ಳಿಯಲ್ಲೋ ಚಾರ್ಮಾಡಿ ಕಡೆಯಲ್ಲೋ ಇರುವವರಿಗೆ ಇದೇ ಮುಖ್ಯ. ಕೆಲವು ಆಟ ಒಮ್ಮೆ ಇಳಿಸಿಕೊಂಡರೆ ಮುಗಿಯಿತು, ಏರೋಪ್ಲೇನ್ ಮೋಡ್‌ನಲ್ಲೂ ನಡೆಯುತ್ತದೆ. ಕೆಲವು ನೆಟ್ ಇಲ್ಲದಿದ್ದರೆ ಬಾಗಿಲೇ ತೆರೆಯುವುದಿಲ್ಲ.

ಎರಡನೆಯದು, ಒಂದು ಸಲ ಕೂತರೆ ನಿಮಗೆ ಎಷ್ಟು ಹೊತ್ತು ಸಿಗುತ್ತದೆ? ಹಾಸನದಿಂದ ಬೇಲೂರು ಮೇಲೆ ಚಿಕ್ಕಮಗಳೂರಿಗೆ ಬಸ್ಸಿನಲ್ಲಿ ಹೆಚ್ಚೂಕಡಿಮೆ ಒಂದೂವರೆ ಗಂಟೆ. ಅಷ್ಟಿದ್ದರೆ ಯಾವ ಆಟವಾದರೂ ಸರಿ. ಅಂಗಡಿಯಲ್ಲಿ ಗಿರಾಕಿ ಬರುವವರೆಗೆ ಹತ್ತು ನಿಮಿಷ ಅನ್ನುವವರು, ಮಧ್ಯದಲ್ಲಿ ನಿಲ್ಲಿಸಿ ಆಮೇಲೆ ಅಲ್ಲಿಂದಲೇ ಮುಂದುವರಿಸಲು ಬಿಡುತ್ತದಾ ಅಂತ ನೋಡಬೇಕು. ಇದನ್ನು ಯಾರೂ ನೋಡುವುದಿಲ್ಲ. ಎಲ್ಲರೂ ಗ್ರಾಫಿಕ್ಸ್ ನೋಡುತ್ತಾರೆ.

ಮೂರನೆಯದು ದುಡ್ಡು. ಆಟಕ್ಕೆ ಎಷ್ಟು ಬೆಲೆ ಅನ್ನುವುದಕ್ಕಿಂತ ಅದು ಯಾವ ರೀತಿ ದುಡ್ಡು ಕೇಳುತ್ತದೆ ಅನ್ನುವುದು ದೊಡ್ಡ ಪ್ರಶ್ನೆ. ಒಂದೇ ಸಲ ಕೊಟ್ಟು ತಗೊಳ್ಳುವ ಆಟಗಳು ಒಂದು ಬಗೆ. ಪುಕ್ಕಟೆ ಕೊಟ್ಟು ಜಾಹೀರಾತು ತೋರಿಸುವುದು ಇನ್ನೊಂದು. ಪುಕ್ಕಟೆ ಕೊಟ್ಟು ಆಮೇಲೆ ಲಾಟರಿ ಥರ ಪಾತ್ರಗಳನ್ನು ಮಾರುವುದು ಮತ್ತೊಂದು. ಮೂರನೇ ಬಗೆಗೆ ಮಿತಿಯೇ ಇಲ್ಲ. ಮಕ್ಕಳ ಕೈಗೆ ಫೋನ್ ಹೋಗುವ ಮನೆಯಲ್ಲಿ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ಗೆ ಹೋಗಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಡಿ. ಆಟ ಯಾವುದೇ ಇರಲಿ, ಇದನ್ನು ಇವತ್ತೇ ಮಾಡಿ.

ನಾಲ್ಕನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ನಿಮಗೆ ಯೋಚನೆ ಮಾಡಲು ಯಾವಾಗ ಇಷ್ಟ? ಅಲೆ ಬರುವ ಮೊದಲು ನಿಧಾನವಾಗಿ ಲೆಕ್ಕ ಹಾಕಿ, ಆಮೇಲೆ ಕೈ ಕಟ್ಟಿ ನೋಡುವುದು ಕೆಲವರಿಗೆ ಖುಷಿ. ಅಲೆ ನುಗ್ಗಿ ಬರುವಾಗಲೇ ಅಲ್ಲೊಂದು ಇಲ್ಲೊಂದು ಕೈಯಾಡಿಸಿ ಉಳಿಸಿಕೊಳ್ಳುವುದು ಇನ್ನು ಕೆಲವರಿಗೆ ಖುಷಿ. ಆಟ ಚೆನ್ನಾಗಿಲ್ಲ ಅಂತ ಬಿಟ್ಟವರಲ್ಲಿ ಜಾಸ್ತಿ ಜನ ತಮಗೆ ಹೊಂದದ ಬಗೆಯನ್ನು ಆರಿಸಿಕೊಂಡವರು, ಅಷ್ಟೇ.

ಭಾಷೆಯ ವಿಷಯ ಸುಮ್ನೆ ಒಂದು ಮಾತು. ಇಲ್ಲಿ ಹೇಳುವ ಆಟಗಳಿಗೆಲ್ಲ ಇಂಗ್ಲಿಷ್ ಓದಬೇಕು. ಎಷ್ಟು ಓದಬೇಕು ಅನ್ನುವುದರಲ್ಲಿ ವ್ಯತ್ಯಾಸ ಇದೆ, ಅದನ್ನು ಆಯಾ ಕಡೆ ಹೇಳುತ್ತೇನೆ.

ಪ್ಲಾಂಟ್ಸ್ ವರ್ಸಸ್ ಜಾಂಬೀಸ್

ಹೊಸಬರಿಗೂ ಮಕ್ಕಳಿಗೂ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಪಾಪ್‌ಕ್ಯಾಪ್ ಕಂಪನಿಯ ಜಾರ್ಜ್ ಫ್ಯಾನ್ ವಿನ್ಯಾಸ ಮಾಡಿದ ಆಟ, 2009ರಲ್ಲಿ ಬಂತು. ಮನೆಯ ಮುಂದಿನ ಹುಲ್ಲುಹಾಸು, ಐದು ಸಾಲು. ಬಲಗಡೆಯಿಂದ ಜಾಂಬಿಗಳು ಬರುತ್ತವೆ, ಎಡಗಡೆ ನಿಮ್ಮ ಮನೆ. ಗೋಪುರದ ಬದಲು ಗಿಡಗಳು.

ಕಲಿಸುವ ರೀತಿ ನೋಡಿ. ಮೊದಲ ಹಂತದಲ್ಲಿ ಒಂದೇ ಸಾಲು, ಒಂದೇ ಗಿಡ. ಆಮೇಲೆ ಮೂರು ಸಾಲು, ಆಮೇಲೆ ಐದು. ಉದ್ದುದ್ದ ಪಾಠ ಓದಿಸುವುದಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೇ ಇರುವ ಮಗುವೂ ಚಿತ್ರ ನೋಡಿಯೇ ಮುಂದೆ ಹೋಗುತ್ತದೆ.

ಸುಲಭ ಅಂದ ಮಾತ್ರಕ್ಕೆ ಪೊಳ್ಳು ಅಂತಲ್ಲ. ಹಂತದ ಶುರುವಿನಲ್ಲಿ ನಿಮ್ಮ ಕೈಯಲ್ಲಿ 50 ಬಿಸಿಲು ಇರುತ್ತದೆ. ಇಲ್ಲಿ ಹಣ ಅಂದರೆ ಬಿಸಿಲು. ಬಟಾಣಿ ಹೊಡೆಯುವ ಗಿಡಕ್ಕೆ 100 ಬೇಕು. ಸೂರ್ಯಕಾಂತಿಗೆ 50. ಸೂರ್ಯಕಾಂತಿ ಯಾರನ್ನೂ ಹೊಡೆಯುವುದಿಲ್ಲ, ಆದರೆ ಆಗಾಗ 25 ಬಿಸಿಲು ಕೊಡುತ್ತಾ ಇರುತ್ತದೆ. ಆಕಾಶದಿಂದಲೂ 25, 25 ಬೀಳುತ್ತದೆ, ಮುಟ್ಟಿ ಎತ್ತಿಕೊಳ್ಳಬೇಕು. ಮೊದಲ ಜಾಂಬಿ ಬರುವ ಮುನ್ನ ಎಷ್ಟು ಸೂರ್ಯಕಾಂತಿ ನೆಡುವ ಧೈರ್ಯ ನಿಮಗಿದೆ? ಬೇಗ ಹೆದರಿ ಬಟಾಣಿ ನೆಟ್ಟರೆ ಕೊನೆಯ ದೊಡ್ಡ ಅಲೆಗೆ ಹಣ ಸಾಲುವುದಿಲ್ಲ. ಆಸೆಗೆ ಬಿದ್ದು ಬರೀ ಸೂರ್ಯಕಾಂತಿ ನೆಟ್ಟರೆ ಒಂದು ಸಾಲು ಖಾಲಿ ಬಿದ್ದಿರುತ್ತದೆ. ಆ ಸಾಲಿನಲ್ಲೇ ತಲೆಗೆ ಬಕೆಟ್ ಹಾಕಿಕೊಂಡವನು ಬರುತ್ತಾನೆ. ಇವತ್ತಿನ ರಕ್ಷಣೆಯೋ ನಾಳೆಯ ಆದಾಯವೋ ಅನ್ನುವ ಈ ಎಳೆದಾಟ ಇಡೀ ಜಾತಿಯ ಆಟಗಳ ಬೆನ್ನೆಲುಬು. ನಾಲ್ಕನೇ ಕ್ಲಾಸಿನ ಹುಡುಗ ಅದನ್ನು ಯಾರೂ ಹೇಳಿಕೊಡದೆ ಇಲ್ಲಿ ಕಲಿಯುತ್ತಾನೆ.

ಪ್ರತಿ ಸಾಲಿನ ಕೊನೆಗೆ ಒಂದೊಂದು ಹುಲ್ಲು ಕತ್ತರಿಸುವ ಯಂತ್ರ ನಿಂತಿರುತ್ತದೆ. ಜಾಂಬಿ ಅಲ್ಲಿವರೆಗೆ ಬಂದರೆ ಅದು ಓಡಿ ಆ ಸಾಲನ್ನೇ ಗುಡಿಸಿಬಿಡುತ್ತದೆ. ಒಂದೇ ಸಲ. ಒಂದು ತಪ್ಪಿಗೆ ಮಾಫಿ, ಎರಡನೆಯದಕ್ಕಿಲ್ಲ.

ಮುಖ್ಯ ಕಥೆಯಲ್ಲಿ 50 ಹಂತ. ಹಗಲು, ರಾತ್ರಿ, ಈಜುಕೊಳ, ಮಂಜು, ಕೊನೆಗೆ ಮನೆಯ ಮಾಡು. ರಾತ್ರಿ ಹಂತಗಳಲ್ಲಿ ಆಕಾಶದಿಂದ ಬಿಸಿಲು ಬೀಳುವುದಿಲ್ಲ, ಅಣಬೆಗಳನ್ನು ನಂಬಿಕೊಳ್ಳಬೇಕು. ಕೊರತೆ ಅಂದರೆ, ಅನುಭವ ಇದ್ದವರಿಗೆ ಕಥೆಯ ಮೊದಲ ಅರ್ಧ ಸಪ್ಪೆ. ಮೊಬೈಲ್‌ನ ಪುಕ್ಕಟೆ ಆವೃತ್ತಿಯಲ್ಲಿ ಜಾಹೀರಾತು ಬರುತ್ತದೆ. ನೆಟ್ ಆಫ್ ಮಾಡಿದರೂ ಆಟ ನಡೆಯುತ್ತದೆ ಅನ್ನುವುದು ಗೊತ್ತಿದ್ದರೆ ಸಾಕು. 2013ರಲ್ಲಿ ಬಂದ ಎರಡನೇ ಭಾಗ ಪುಕ್ಕಟೆ, ಆದರೆ ಅದರಲ್ಲಿ ಗಿಡಗಳನ್ನು ದುಡ್ಡಿಗೆ ಮಾರುತ್ತಾರೆ. ಮಗುವಿಗೆ ಕೊಡುವುದಾದರೆ ಮೊದಲನೆಯದನ್ನೇ ಕೊಡಿ. ಕಂಪ್ಯೂಟರ್ ಇದ್ದವರಿಗೆ 2025ರಲ್ಲಿ ರೀಪ್ಲಾಂಟೆಡ್ ಅನ್ನುವ ಹೆಸರಿನಲ್ಲಿ ಹೊಸದಾಗಿ ತಿದ್ದಿದ ಆವೃತ್ತಿಯೂ ಬಂದಿದೆ.

ಕಿಂಗ್‌ಡಮ್ ರಶ್

ದಕ್ಷಿಣ ಅಮೆರಿಕದ ಉರುಗ್ವೆ ದೇಶದ ಐರನ್‌ಹೈಡ್ ಅನ್ನುವ ಪುಟ್ಟ ಕಂಪನಿ 2011ರಲ್ಲಿ ಮಾಡಿದ್ದು. ಆಮೇಲೆ ಫ್ರಾಂಟಿಯರ್ಸ್, ಒರಿಜಿನ್ಸ್, ವೆಂಜನ್ಸ್ ಬಂದವು. 2024ರಲ್ಲಿ ಅಲಯನ್ಸ್ ಬಂತು. ಯಾವುದರಿಂದ ಶುರು ಮಾಡಬೇಕು? ಮೊದಲನೆಯದರಿಂದಲೇ. ಇಷ್ಟವಾದರೆ ಎರಡನೆಯದಾದ ಫ್ರಾಂಟಿಯರ್ಸ್‌ಗೆ ಹೋಗಿ.

ಇಲ್ಲಿ ಗೋಪುರವನ್ನು ಎಲ್ಲೆಂದರಲ್ಲಿ ಕಟ್ಟಲು ಆಗುವುದಿಲ್ಲ. ದಾರಿಯ ಪಕ್ಕ ಖಾಲಿ ಸೈಟುಗಳು ಮೊದಲೇ ಗುರುತಾಗಿರುತ್ತವೆ. ಅಲ್ಲೇ ಕಟ್ಟಬೇಕು. ಇದು ಕಟ್ಟುಪಾಡು ಅನ್ನಿಸಿದರೂ ಆಟದ ಬಲ ಇದೇ. ಎಲ್ಲಿ ಅನ್ನುವ ಗೊಂದಲ ಕಡಿಮೆ, ಏನು ಅನ್ನುವ ಯೋಚನೆ ಜಾಸ್ತಿ. ಇರುವುದು ನಾಲ್ಕೇ ಬಗೆ: ಬಿಲ್ಲುಗಾರರು, ಸೈನಿಕರ ಬಿಡಾರ, ಮಂತ್ರವಾದಿ, ಫಿರಂಗಿ. ಪ್ರತಿಯೊಂದಕ್ಕೂ ಒಂದು ಕೈಲಾಗದ ಕೆಲಸ ಇದೆ. ಫಿರಂಗಿ ಗುಂಪನ್ನು ಚಿಂದಿ ಮಾಡುತ್ತದೆ, ಆದರೆ ಹಾರುವವರನ್ನು ಮುಟ್ಟಲಾರದು. ಕಬ್ಬಿಣದ ಕವಚ ತೊಟ್ಟವನಿಗೆ ಬಾಣ ನಾಟುವುದಿಲ್ಲ, ಮಂತ್ರ ತಟ್ಟುತ್ತದೆ.

ನನಗೆ ಇಷ್ಟವಾದದ್ದು ಸೈನಿಕರ ಬಿಡಾರ. ಅದರಿಂದ ಮೂವರು ಸೈನಿಕರು ಹೊರಬಂದು ದಾರಿಯಲ್ಲಿ ನಿಲ್ಲುತ್ತಾರೆ. ಎಲ್ಲಿ ನಿಲ್ಲಬೇಕು ಅಂತ ನೀವು ಬೆರಳಿಟ್ಟು ತೋರಿಸಬಹುದು. ಅವರು ಕೊಲ್ಲುವುದು ಕಡಿಮೆ, ತಡೆಯುವುದು ಜಾಸ್ತಿ. ಶತ್ರುಗಳು ಅವರ ಜೊತೆ ಗುದ್ದಾಡುತ್ತಾ ನಿಂತಲ್ಲೇ ಗುಂಪುಗೂಡುತ್ತಾರೆ. ಸರಿಯಾಗಿ ಆ ಜಾಗಕ್ಕೆ ನಿಮ್ಮ ಫಿರಂಗಿ ಎಟುಕುವ ಹಾಗಿದ್ದರೆ ಒಂದೇ ಗುಂಡಿಗೆ ಐದಾರು ಜನ. ನಿಲ್ಲುವ ಜಾಗವನ್ನು ಬೆರಳಗಲ ಹಿಂದಕ್ಕೆ ಎಳೆದದ್ದಕ್ಕೇ ಸೋಲುತ್ತಿದ್ದ ಹಂತ ಗೆದ್ದಿದ್ದಿದೆ.

ಅಲೆಯ ಮಧ್ಯೆಯೂ ಕೈಗೆ ಕೆಲಸ ಇರುತ್ತದೆ. ಆಕಾಶದಿಂದ ಬೆಂಕಿ ಸುರಿಸುವುದು, ಇಬ್ಬರು ಸಹಾಯಕರನ್ನು ಇಳಿಸುವುದು, ಹೀರೋ ಅನ್ನುವ ಬಲಶಾಲಿ ಪಾತ್ರವನ್ನು ಓಡಾಡಿಸುವುದು. ಧೈರ್ಯ ಇದ್ದರೆ ಮುಂದಿನ ಅಲೆಯನ್ನು ಬೇಗ ಕರೆದು ಹೆಚ್ಚು ಚಿನ್ನ ತಗೊಳ್ಳಬಹುದು. ಅಂದರೆ ಯೋಚನೆ ಅರ್ಧ ಮೊದಲು, ಅರ್ಧ ಆಮೇಲೆ. 20 ಜೀವದಲ್ಲಿ 18 ಉಳಿಸಿಕೊಂಡರೆ ಮೂರು ನಕ್ಷತ್ರ. ಮೂರೂ ಬಂದ ಹಂತಕ್ಕೆ ಒಂದೇ ಜೀವ ಕೊಟ್ಟು ಆಡಿಸುವ ಸವಾಲೂ ತೆರೆದುಕೊಳ್ಳುತ್ತದೆ.

ತೊಂದರೆ ಎರಡು. ಒಂದು ಹಂತಕ್ಕೆ ಹದಿನೈದು ಇಪ್ಪತ್ತು ನಿಮಿಷ ಬೇಕು, ಮಧ್ಯದಲ್ಲಿ ಆಪ್ ಮುಚ್ಚಿಹೋದರೆ ಆ ಹಂತ ಮತ್ತೆ ಮೊದಲಿಂದ. ಗಿರಾಕಿ, ಫೋನ್ ಕಾಲ್ ಅಂತ ಏಳುವವರಿಗೆ ಇದು ಕಿರಿಕಿರಿ. ಇನ್ನೊಂದು, ಮೊಬೈಲ್‌ನಲ್ಲಿ ಕೆಲವು ಹೀರೋಗಳಿಗೆ ಬೇರೆ ದುಡ್ಡು ಕೇಳುತ್ತಾರೆ. ಅವರಿಲ್ಲದೆಯೂ ಗೆಲ್ಲಬಹುದು, ತಲೆ ಕೆಡಿಸಿಕೊಳ್ಳಬೇಡಿ. ಲ್ಯಾಪ್‌ಟಾಪ್ ಇದ್ದರೆ ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ತಗೊಳ್ಳುವುದು ಮೇಲು. ಮೊದಲ ಮೂರು ಭಾಗಗಳಲ್ಲಿ ಹೀರೋಗಳೆಲ್ಲ ಬೆಲೆಯೊಳಗೇ ಬರುತ್ತಾರೆ. ಪರದೆಯೂ ದೊಡ್ಡದು. ಚಿಕ್ಕ ಫೋನಿನಲ್ಲಿ ದಪ್ಪ ಬೆರಳಿಗೆ ಈ ಆಟ ಸ್ವಲ್ಪ ಕಷ್ಟವೇ.

ಬ್ಲೂನ್ಸ್ ಟಿಡಿ 6

ನ್ಯೂಜಿಲೆಂಡಿನ ನಿಂಜಾ ಕಿವಿ ಕಂಪನಿಯದು, 2018ರಲ್ಲಿ ಬಂತು. ಬಣ್ಣ ಬಣ್ಣದ ಬಲೂನು, ಅದನ್ನು ಒಡೆಯುವ ಮಂಗಗಳು. ನೋಡಿದ ತಕ್ಷಣ ಮಕ್ಕಳಾಟ ಅಂತ ಅನ್ನಿಸುತ್ತದೆ. ಈ ಪಟ್ಟಿಯಲ್ಲಿ ಅತಿ ಆಳವಾದ ಆಟ ಇದೇ.

ಮೀಡಿಯಂ ಮಟ್ಟದಲ್ಲಿ ಶುರುವಿಗೆ 650 ಹಣ. ಬಾಣ ಎಸೆಯುವ ಮಂಗಕ್ಕೆ 200. ಎಲ್ಲಿ ಬೇಕಾದರೂ ಇಡಿ, ದಾರಿಯ ಮೇಲೆ ಇಡಬಾರದು ಅಷ್ಟೇ. ಎರಡು ಮೂರು ಮಂಗ ಇಟ್ಟು ಇಪ್ಪತ್ತು ರೌಂಡು ಆರಾಮಾಗಿ ಕಳೆಯುತ್ತೀರಿ. 24ನೇ ರೌಂಡಿನಲ್ಲಿ ಒಂದೇ ಒಂದು ಹಸಿರು ಬಲೂನು ಮೈಮೇಲೆ ಮರೆಮಾಚುವ ಪಟ್ಟೆ ಹಾಕಿಕೊಂಡು ಬರುತ್ತದೆ. ನಿಮ್ಮ ಮಂಗಗಳಿಗೆ ಅದು ಕಾಣಿಸುವುದೇ ಇಲ್ಲ. ಎಲ್ಲರ ಮುಂದೆ ತೇಲಿಕೊಂಡು ಹೊರಗೆ ಹೋಗುತ್ತದೆ. ಒಂದೆರಡು ಜೀವ ಹೋದರೆ ಹೋಗಲಿ, ಆಟ ಎಚ್ಚರಿಕೆ ಕೊಟ್ಟಿತು ಅಂದುಕೊಳ್ಳಿ. ನಿಂಜಾ ಮಂಗ ಇಟ್ಟಿದ್ದರೆ ಅದಕ್ಕೆ ಕಾಣುತ್ತಿತ್ತು. 28ಕ್ಕೆ ಸೀಸದ ಬಲೂನುಗಳು. ಚೂಪಾದ ಬಾಣ ಅದಕ್ಕೆ ತಾಗಿ ಬಿದ್ದುಹೋಗುತ್ತದೆ, ಬಾಂಬು ಬೇಕು. ಸರಿ, ಎಲ್ಲ ಕಡೆ ಬಾಂಬೇ ಇಡೋಣ ಅಂದರೆ ಕಪ್ಪು ಬಲೂನಿಗೆ ಬಾಂಬು ನಾಟುವುದಿಲ್ಲ. 40ಕ್ಕೆ ಹಡಗಿನ ಗಾತ್ರದ್ದು ಬರುತ್ತದೆ. ಹೀಗೆ ಪ್ರತಿ ಸಲ ನೀವು ನಿಶ್ಚಿಂತರಾದ ಹೊತ್ತಿಗೇ ನಿಮ್ಮ ಕೋಟೆಯ ಒಂದು ತೂತನ್ನು ಆಟ ತೋರಿಸುತ್ತದೆ.

ಇನ್ನೊಂದು ಚೆಂದದ ನಿಯಮ ಇದೆ. ಪ್ರತಿ ಮಂಗಕ್ಕೂ ಬೆಳೆಯಲು ಮೂರು ದಾರಿ, ಒಂದೊಂದರಲ್ಲಿ ಐದು ಮೆಟ್ಟಿಲು. ಒಂದು ದಾರಿಯಲ್ಲಿ ಮಾತ್ರ ಐದರವರೆಗೆ ಹೋಗಬಹುದು. ಇನ್ನೊಂದರಲ್ಲಿ ಎರಡೇ ಮೆಟ್ಟಿಲು. ಮೂರನೆಯದು ಮುಚ್ಚಿಹೋಗುತ್ತದೆ. ಒಂದೇ ಮಂಗ ಎಲ್ಲ ಕೆಲಸ ಮಾಡಲಾರದು ಅನ್ನುವುದನ್ನು ಆಟ ಹೀಗೆ ಕಾಯುತ್ತದೆ. ಬೇಡವಾದ ಮಂಗವನ್ನು ಮಾರಿದರೆ ಹಾಕಿದ ಹಣದಲ್ಲಿ ನೂರಕ್ಕೆ 70 ವಾಪಸ್. ಬಾಳೆ ತೋಟವೂ ಇದೆ, ಅದು ಹೊಡೆಯುವುದಿಲ್ಲ, ಆದಾಯ ಕೊಡುತ್ತದೆ. ತೋಟ ಜಾಸ್ತಿ ಮಾಡಿದರೆ ಕಾವಲು ಕಡಿಮೆ.

ಯೋಚನೆ ಇಲ್ಲಿ ಹೆಚ್ಚಾಗಿ ಮೊದಲೇ ಆಗಬೇಕು. ಸರಿಯಾಗಿ ಇಟ್ಟಿದ್ದರೆ ವೇಗ ಹೆಚ್ಚಿಸಿ ಟೀ ಕುಡಿಯುತ್ತಾ ನೋಡಬಹುದು. ಒಂದು ರೌಂಡು ಮುಗಿದಾಗ ಆಟ ತಾನೇ ಉಳಿಸಿಕೊಳ್ಳುತ್ತದೆ. ಎದ್ದು ಹೋಗಿ ಸಂಜೆ ಬಂದರೂ ಅಲ್ಲಿಂದಲೇ ಶುರು. ಅಂಗಡಿಯವರಿಗೆ ನನ್ನ ಓಟು ಇದಕ್ಕೇ. ಒಬ್ಬರೇ ಆಡುವಾಗ ನೆಟ್ ಬೇಕಾಗಿಲ್ಲ. ನಾಲ್ಕು ಜನ ಸೇರಿ ಆಡಬೇಕಾದರೆ ಬೇಕು.

ದುಡ್ಡು ಮೊದಲೇ ಕೊಟ್ಟು ತಗೊಳ್ಳಬೇಕು. ಒಳಗೂ ಅಂಗಡಿ ಇದೆ, ಆದರೆ ಅಲ್ಲಿ ಏನೂ ತಗೊಳ್ಳದೆ ಆಡಬಹುದು. ಕಂಪನಿಯವರು ಹೊಸ ನಕ್ಷೆ, ಹೊಸ ಹೀರೋ ಅಂತ ಕೊಡುತ್ತಲೇ ಬಂದಿದ್ದಾರೆ. ಹಾಗಾಗಿ ಕೊಟ್ಟ ದುಡ್ಡಿಗೆ ಇಷ್ಟು ದಿನ ಬಾಳಿಕೆ ಬರುವ ಆಟ ಬೇರೆ ಕಾಣೆ. ಕೊರತೆಗಳೂ ಇವೆ. ಓದುವುದು ಜಾಸ್ತಿ, ಪ್ರತಿ ಮೆಟ್ಟಿಲಿಗೂ ಇಂಗ್ಲಿಷ್ ವಿವರಣೆ. ಕೊನೆಯ ರೌಂಡುಗಳಲ್ಲಿ ಪರದೆ ತುಂಬ ಬಾಣ, ಬೆಂಕಿ. ಹಳೆಯ ಫೋನ್ ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಕರೆಂಟ್ ಇಲ್ಲದ ಜುಲೈ ರಾತ್ರಿಗೆ ಇದು ಲೆಕ್ಕಕ್ಕೆ ಬರುವ ವಿಷಯ. ಕಥೆ ಅಂತ ಏನೂ ಇಲ್ಲ. ಕಿಂಗ್‌ಡಮ್ ರಶ್‌ನ ಹಾಗೆ ಮುಂದಿನ ಊರಲ್ಲಿ ಏನಿದೆಯೋ ಅನ್ನುವ ಕುತೂಹಲ ಇಲ್ಲಿ ಹುಟ್ಟುವುದಿಲ್ಲ.

ಇನ್ನು ಮೂರು, ಬೇಗ ಬೇಗ

ಡಿಫೆನ್ಸ್ ಗ್ರಿಡ್ 2008ರ ಕಂಪ್ಯೂಟರ್ ಆಟ. ಇಲ್ಲಿ ಹಲವು ಕಡೆ ದಾರಿಯನ್ನೇ ನೀವು ಮಾಡಬೇಕು. ಬಯಲಿನಲ್ಲಿ ಗೋಪುರಗಳನ್ನು ಗೋಡೆಯಂತೆ ಇಟ್ಟು ಶತ್ರುಗಳನ್ನು ಸುತ್ತಿಸುವುದೇ ಕಸುಬು. ಆಲೂರು, ಸಕಲೇಶಪುರದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಸೋಲಾರ್ ಬೇಲಿ ಇಲ್ಲಿ ಹಾಕಿದರೆ ಆನೆ ಅಲ್ಲಿಂದ ಬರುತ್ತದೆ. ಶತ್ರುಗಳೂ ಹಾಗೆಯೇ, ಹತ್ತಿರದ ದಾರಿ ಹುಡುಕಿಕೊಳ್ಳುತ್ತಾರೆ. ಬಾಗಿಲು ದಾಟಿದರೆ ಜೀವ ಹೋಗುವ ಲೆಕ್ಕ ಇಲ್ಲಿಲ್ಲ. ಅವರು ಒಳಗೆ ಬಂದು ಶಕ್ತಿಯ ಗೋಲಗಳನ್ನು ಹೊತ್ತುಕೊಂಡು ವಾಪಸ್ ಓಡುತ್ತಾರೆ. ಹೋಗುವಾಗ ಹೊಡೆದು ಉಳಿಸಿಕೊಳ್ಳಬಹುದು. ಖರ್ಚು ಮಾಡದೆ ಇಟ್ಟ ಹಣಕ್ಕೆ ಬಡ್ಡಿಯೂ ಬರುತ್ತದೆ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಪೂರ್ತಿ ಯೋಚನೆ ಮೊದಲೇ ಮಾಡಬೇಕು ಅನ್ನುವವರಿಗೆ ಇದು ಹಬ್ಬ.

ಮೈಂಡಸ್ಟ್ರಿ ಹಾಸ್ಟೆಲ್‌ನವರಿಗೆ. ಇದರ ಮೂಲ ಕೋಡ್ ಯಾರು ಬೇಕಾದರೂ ನೋಡಬಹುದು. ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ, ಜಾಹೀರಾತಿನ ಕಾಟ ಇಲ್ಲ. ಸ್ಟೀಮ್‌ನಲ್ಲಿ ಮಾತ್ರ ದುಡ್ಡು. ಗೋಪುರ ಕಟ್ಟಿದರೆ ಸಾಲದು, ಅದಕ್ಕೆ ಮದ್ದುಗುಂಡು ತಲುಪಿಸಬೇಕು. ನೆಲ ಕೊರೆದು ತಾಮ್ರ ತೆಗೆದು, ಬೆಲ್ಟ್ ಮೇಲೆ ಹರಿಸಿ, ಗೋಪುರದ ಬಾಯಿಗೆ ಹಾಕಬೇಕು. ಬೆಲ್ಟ್ ಒಂದು ಕಡೆ ತುಂಡಾಗಿದ್ದರೆ ಅಲೆ ಬಂದಾಗ ಗೋಪುರ ಬಾಯಿ ಮುಚ್ಚಿಕೊಂಡು ಕೂತಿರುತ್ತದೆ. ಒಂದೇ ವೈಫೈನಲ್ಲಿ ಫೋನ್, ಲ್ಯಾಪ್‌ಟಾಪ್ ಎರಡರಿಂದಲೂ ಸೇರಿ ಆಡಬಹುದು. ಕಲಿಯುವ ಮೊದಲ ಒಂದೆರಡು ದಿನ ತಲೆನೋವು. ತಾಳ್ಮೆ ಇಲ್ಲದವರು ಈ ಕಡೆ ಬರಬೇಡಿ.

ಆರ್ಕ್‌ನೈಟ್ಸ್ ಚೀನಾದ ಆಟ, 2020ರಲ್ಲಿ ಹೊರದೇಶಗಳಿಗೆ ಬಂತು. ಗೋಪುರದ ಜಾಗದಲ್ಲಿ ಅನಿಮೆ (ಜಪಾನಿ ಕಾರ್ಟೂನ್) ಶೈಲಿಯ ಪಾತ್ರಗಳು. ಯಾವ ಚೌಕದಲ್ಲಿ ನಿಲ್ಲಬೇಕು, ಯಾವ ಕಡೆ ಮುಖ ಮಾಡಬೇಕು ಅನ್ನುವುದೂ ಲೆಕ್ಕ. ಹಂತಗಳನ್ನು ಮಾಡಿರುವ ರೀತಿ ಮೊದಲ ದರ್ಜೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಟ್ ಬೇಕೇ ಬೇಕು, ಫೋನಿನಲ್ಲಿ ಜಾಗ ಬಹಳ ತಿನ್ನುತ್ತದೆ, ಇಂಗ್ಲಿಷ್ ಕಥೆ ರಾಶಿ ರಾಶಿ. ಪಾತ್ರಗಳು ಸಿಗುವುದು ಲಾಟರಿಯಲ್ಲಿ. ಮನಸ್ಸು ಗಟ್ಟಿ ಇದ್ದವರು ದುಡ್ಡು ಹಾಕದೆ ಆಡುತ್ತಾರೆ. ನಿಮ್ಮ ಮನಸ್ಸು ನಿಮಗೇ ಗೊತ್ತು, ಅಲ್ವಾ?

ಹಾಗಾದರೆ ಯಾರಿಗೆ ಯಾವುದು?

ತೋಟದ ರೈಟರ್ ಸಾಹೇಬರಿಗೆ: ಬ್ಲೂನ್ಸ್ ಟಿಡಿ 6. ಪೇಟೆಗೆ ಬಂದಾಗ ಒಳ್ಳೆಯ ನೆಟ್‌ನಲ್ಲಿ ಇಳಿಸಿಕೊಂಡು, ಒಮ್ಮೆ ತೆರೆದು ಒಂದು ನಕ್ಷೆ ಆಡಿ, ಆಮೇಲೆ ತೋಟಕ್ಕೆ ಹೋಗಿ. ಫೋನ್ ಹಳೆಯದಾಗಿದ್ದರೆ ಅಥವಾ ಚಾರ್ಜ್‌ನದೇ ಚಿಂತೆಯಾದರೆ ಪ್ಲಾಂಟ್ಸ್ ವರ್ಸಸ್ ಜಾಂಬೀಸ್ ಹಗುರ.

ಚಿಕ್ಕಮಗಳೂರಿನ ಅಕ್ಕನಿಗೆ: ಪ್ಲಾಂಟ್ಸ್ ವರ್ಸಸ್ ಜಾಂಬೀಸ್‌ನ ಮೊದಲ ಭಾಗ, ನೆಟ್ ಆಫ್ ಮಾಡಿ. ಜಾಂಬಿ ಅಂದರೆ ಹೆದರಬೇಡಿ, ಇವು ನಗಿಸುವ ಜಾಂಬಿಗಳು. ಕೈ, ತಲೆ ಕಳಚಿ ಬೀಳುತ್ತವೆ, ರಕ್ತ ಇಲ್ಲ. ಅದೂ ಬೇಡ ಅನ್ನಿಸಿದರೆ ಒಂದಿಷ್ಟು ದುಡ್ಡು ಕೊಟ್ಟು ಬ್ಲೂನ್ಸ್ ತಗೊಂಡು ಈಸಿ ಮಟ್ಟದಲ್ಲಿ ಬಿಡಿ. ಅಲ್ಲಿ ಒಡೆಯುವುದು ಬಲೂನು ಮಾತ್ರ. ಒಳಗಿನ ಅಂಗಡಿಗೆ ಪಾಸ್‌ವರ್ಡ್ ಇರಲಿ.

ಹಾಸ್ಟೆಲ್ ಹುಡುಗನಿಗೆ ಉತ್ತರ ಸ್ವಲ್ಪ ಉದ್ದ. ರೂಮಿನಲ್ಲಿ ನಾಲ್ಕು ಜನ ಸೇರಿ ಆಡುವುದೇ ಮುಖ್ಯವಾದರೆ ಯಾವುದಕ್ಕೂ ದುಡ್ಡು ಕೊಡಬೇಡಪ್ಪಾ, ಮೈಂಡಸ್ಟ್ರಿ ಇಳಿಸಿಕೋ. ಒಬ್ಬನೇ ಆಡುವುದಾದರೆ ನಿನ್ನ ಸ್ವಭಾವ ನೋಡಿಕೋ. ಪರೀಕ್ಷೆಗೆ ಟೈಮ್‌ಟೇಬಲ್ ಹಾಕಿ ಓದುವವನಾದರೆ ಬ್ಲೂನ್ಸ್, ಹಿಂದಿನ ರಾತ್ರಿ ಕೂತು ದಡ ಸೇರುವವನಾದರೆ ಕಿಂಗ್‌ಡಮ್ ರಶ್. ತಮಾಷೆಗೆ ಹೇಳುತ್ತಿಲ್ಲ. ಇನ್ನೂ ಒಂದು ಮಾತು: ಕಿಂಗ್‌ಡಮ್ ರಶ್ ಒಂದು ದಿನ ಮುಗಿಯುತ್ತದೆ, ಬ್ಲೂನ್ಸ್ ಮುಗಿಯುವುದಿಲ್ಲ. ಸೆಮಿಸ್ಟರ್ ಮಧ್ಯದಲ್ಲಿ ಇರುವವನಿಗೆ ಮುಗಿಯುವ ಆಟ ಒಳ್ಳೆಯದು.

ಹಾಸನದಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು ಕೇಳಿಲ್ಲ, ಆದರೂ ಹೇಳುತ್ತೇನೆ. ಕಿಂಗ್‌ಡಮ್ ರಶ್. ಸೀಟು ಸಿಕ್ಕರೆ ಇಪ್ಪತ್ತು ನಿಮಿಷದ ಹಂತಗಳನ್ನು ಯಾರೂ ಮಧ್ಯೆ ಎಬ್ಬಿಸದೆ ಆಡಬಹುದು, ದಾರಿಯಲ್ಲಿ ನೆಟ್ ಹೋದರೂ ಪರವಾಗಿಲ್ಲ.

ಇಷ್ಟಾದರೂ ಅನುಮಾನ ಇದ್ದರೆ ಲ್ಯಾಪ್‌ಟಾಪ್ ಇರುವವರಿಗೆ ಒಂದು ದಾರಿ ಇದೆ. ಸ್ಟೀಮ್‌ನಲ್ಲಿ ತಗೊಂಡ ಆಟವನ್ನು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ವಾಪಸ್ ಮಾಡಬಹುದು, ದುಡ್ಡು ಮರಳಿ ಬರುತ್ತದೆ. ಎರಡು ಗಂಟೆ ಅಂದರೆ ಕಿಂಗ್‌ಡಮ್ ರಶ್‌ನ ಮೊದಲ ನಾಲ್ಕೈದು ಹಂತ, ಇಲ್ಲವೇ ಬ್ಲೂನ್ಸ್‌ನ ಎರಡು ಮೂರು ನಕ್ಷೆ. ಆಗಾಗ ರಿಯಾಯಿತಿಯೂ ಬರುತ್ತದೆ. ಇವತ್ತೇ ಬೇಕು ಅಂತಿಲ್ಲದಿದ್ದರೆ ಆಟವನ್ನು ಅಲ್ಲೇ ವಿಶ್‌ಲಿಸ್ಟ್‌ಗೆ ಹಾಕಿಡಿ, ಬೆಲೆ ಇಳಿದಾಗ ಮೇಲ್ ಬರುತ್ತದೆ.